ಅಂಚು ನುಂಗುವ ಟಿವಿ

ಟಿವಿಗೂ ಕಂಪ್ಯೂಟರಿಗೂ ಅಂಚಿನ ವಿಷಯದಲ್ಲಿ ಹೊಂದಾಣಿಕೆಯೇ ಇಲ್ಲ. ಕಂಪ್ಯೂಟರಿನ ಕಾರಭಾರವೆಲ್ಲ ನಡೆಯುವುದು ಅಂಚಿನಲ್ಲಿ. ಗಡಿಯಾರ ಕೆಳಗಿನ ಬಲಮೂಲೆಗೆ, ಮುಚ್ಚುವ ಗುರುತು ಮೇಲಿನ ಬಲಮೂಲೆಗೆ, ತೆರೆದಿಟ್ಟ ಕೆಲಸಗಳೆಲ್ಲ ಕೆಳಗಿನ ಪಟ್ಟಿಗೆ. ನಡುವೆ ಇರುವುದು ಖಾಲಿ ಬಯಲು. ಅಲ್ಲಿ ಒಂದು ವಾಲ್‌ಪೇಪರ್ ಹಾಕಿಕೊಂಡು ಸಮಾಧಾನಪಡುತ್ತೇವೆ. ಟಿವಿಯ ಲೆಕ್ಕ ಬೇರೆ. ನೋಡುವಂಥದ್ದೆಲ್ಲ ನಡುವೆ ಇರಬೇಕು. ಅಂಚು ಇದ್ದರೂ ಆಯಿತು, ಹೋದರೂ ಆಯಿತು.

ಇವೆರಡನ್ನೂ ಒಂದು ಎಚ್‌ಡಿಎಂಐ ವೈರಿನಿಂದ ಜೋಡಿಸಿದರೆ ಏನಾಗುತ್ತದೆ ಅನ್ನುವುದು ವಿಜಯಪುರದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಗಳ ಲ್ಯಾಪ್‌ಟಾಪಿನಲ್ಲಿ ಗೋಳಗುಮ್ಮಟದ ಫೋಟೊ ಇದೆ. ಟಿವಿಯಲ್ಲಿ ಗುಮ್ಮಟವೇನೋ ಭರ್ಜರಿಯಾಗಿ ಬಂತು. ಆದರೆ ಎರಡೂ ಬದಿಯ ಏಳಂತಸ್ತಿನ ಮಿನಾರುಗಳ ಹೊರಮೈ ನಾಪತ್ತೆ. ಕೆಳಗಿನ ಪಟ್ಟಿ ಅರ್ಧಕ್ಕರ್ಧ ಇಲ್ಲ. ಮೌಸ್ ಮೂಲೆಗೆ ಹೋದರೆ ಹೋಗೇ ಬಿಡುತ್ತಿತ್ತು. ಮುತ್ಯಾ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬಾದಶಾ ಕಟ್ಟಿಸಿದ್ದ ಮಿನಾರ ನಿಮ್ಮ ಟಿವಿ ಕೆಡವಿತಲ್ಲವ್ವಾ" ಅಂದರು ಮೊಮ್ಮಗಳಿಗೆ.

ಇದಕ್ಕೆ ಓವರ್‌ಸ್ಕ್ಯಾನ್ ಅಂತಾರೆ. ಕೆಟ್ಟದ್ದು ಏನೂ ಇಲ್ಲ. ಟಿವಿ ತನ್ನ ಹಿರಿಯರ ಚಾಳಿ ಬಿಟ್ಟಿಲ್ಲ, ಅಷ್ಟೇ.

ಹಿರಿಯರು ಅಂದರೆ ಡಬ್ಬಿ ಟಿವಿಗಳು. ಅವುಗಳ ಹೊಟ್ಟೆಯೊಳಗೆ ಎಲೆಕ್ಟ್ರಾನ್ ಕಿರಣವೊಂದು ಗಾಜಿನ ಮೇಲೆ ಗೆರೆ ಎಳೆಯುತ್ತಾ ಚಿತ್ರ ಬಿಡಿಸುತ್ತಿತ್ತು. ಆ ಚಿತ್ರದ ಅಳತೆ ಒಂದೇ ತೆರನಾಗಿ ನಿಲ್ಲುತ್ತಿರಲಿಲ್ಲ. ಸೆಟ್ ಬಿಸಿಯಾದರೆ ಒಂದು ಅಳತೆ, ಹಳೆಯದಾದರೆ ಇನ್ನೊಂದು. ವೋಲ್ಟೇಜ್ ಬಿದ್ದರಂತೂ ಕೇಳುವುದೇ ಬೇಡ. ಬ್ಯಾಸಗಿ ಸಂಜೆ ಬಲ್ಬು ಕೆಂಪಗಾದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಸುತ್ತಲೂ ಕಪ್ಪು ಕಾಣುತ್ತಿತ್ತು. ಸ್ಟೆಬಿಲೈಜರ್ ಇಟ್ಟುಕೊಂಡಿದ್ದ ಮನೆಯವರಿಗೆ ಗಲ್ಲಿಯಲ್ಲಿ ಸ್ವಲ್ಪ ತೂಕ ಜಾಸ್ತಿ ಇರುತ್ತಿತ್ತು. ಈ ಕುಗ್ಗಾಟ ಕಾಣಬಾರದೆಂದು ಕಂಪನಿಯವರು ಚಿತ್ರವನ್ನು ಮೊದಲೇ ಗಾಜಿಗಿಂತ ತುಸು ದೊಡ್ಡದು ಮಾಡಿ ಕಳಿಸುತ್ತಿದ್ದರು. ಅಂಚು ಚೌಕಟ್ಟಿನ ಹಿಂದೆ ಅಡಗಿರಲಿ ಅಂತ.

ಅಡಗಿಸುವುದಕ್ಕೆ ಇನ್ನೊಂದು ಕಾರಣವೂ ಇತ್ತು. ದೂರದರ್ಶನದ ಚಿತ್ರಕ್ಕೆ ಆಗ 625 ಗೆರೆ. ಅದರಲ್ಲಿ ಚಿತ್ರ ಇರುತ್ತಿದ್ದದ್ದು 576ರಲ್ಲಿ ಮಾತ್ರ. ಉಳಿದದ್ದು ಕಿರಣ ಕೆಳಗಿನಿಂದ ಮತ್ತೆ ಮೇಲೆ ಹೋಗಲು ಬೇಕಾದ ಪುರಸೊತ್ತು. ಆ ಪುರಸೊತ್ತನ್ನೂ ಸುಮ್ನೆ ಬಿಡದೆ ಟೆಲಿಟೆಕ್ಸ್ಟ್‌ನಂಥ (ಪರದೆಯ ಮೇಲೆ ಓದುವ ಸುದ್ದಿಪುಟಗಳು) ಮಾಹಿತಿ ತುಂಬುತ್ತಿದ್ದರು. ಚಿತ್ರ ಕುಗ್ಗಿದಾಗ ನೆತ್ತಿಯ ಮೇಲೆ ಬಿಳಿ ಚುಕ್ಕಿಗೆರೆಗಳು ಕುಣಿಯುತ್ತಿದ್ದದ್ದು ಇವೇ. ಆಗ ರಿಪೇರಿಯವರನ್ನು ಕರೆಸಬೇಕು. ಅವರು ಟಿವಿಯ ಬೆನ್ನು ಬಿಚ್ಚಿ, ಎದುರಿಗೆ ಒಂದು ಕನ್ನಡಿ ಇಟ್ಟು, ಹಿಂದೆ ಕೂತು ಸಣ್ಣ ಸ್ಕ್ರೂ ತಿರುಗಿಸುತ್ತಿದ್ದರು. ಕನ್ನಡಿ ಇದ್ದರೂ ಮನೆಮಂದಿಯೆಲ್ಲ ಮುಂದೆ ನಿಂತು "ಇನ್ನೀಟ ಮ್ಯಾಲ ರೀ", "ಸಾಕ್ ಸಾಕ್, ತಲಿ ಹೋತು" ಅಂತ ಕೂಗಲೇಬೇಕು. ಚಿತ್ರ ಕೂರಿಸುವುದು ಆಗ ಇಡೀ ಮನೆಯ ಕೆಲಸ.

ಕಾರ್ಯಕ್ರಮ ಮಾಡುವವರೂ ಇದಕ್ಕೆ ಹೊಂದಿಕೊಂಡರು. ಅಕ್ಷರಗಳನ್ನು ಪರದೆಯ ನಡುವಿನ ಶೇ. 80ರೊಳಗೇ ಇಡುವ ರೂಢಿ ಬಂತು.

ಈಗಿನ ಎಲ್‌ಇಡಿ ಟಿವಿಗೆ ಈ ಕಷ್ಟ ಯಾವುದೂ ಇಲ್ಲ. ಫುಲ್ ಎಚ್‌ಡಿ ಸೆಟ್ಟಾದರೆ ಅಡ್ಡಕ್ಕೆ 1920 ಚುಕ್ಕಿ, ನಿಲುವಿಗೆ 1080, ಎಣಿಸಿ ಇಟ್ಟಂತೆ. ಕರೆಂಟ್ ಡಿಮ್ ಆದರೂ ಒಂದು ಚುಕ್ಕಿ ಆಚೀಚೆ ಆಗುವುದಿಲ್ಲ. ಲ್ಯಾಪ್‌ಟಾಪಿನಿಂದ ಬರುವುದೂ ಅಷ್ಟೇ ಚುಕ್ಕಿ. ಒಂದಕ್ಕೊಂದು ಕೂತರೆ ಮುಗಿಯಿತು, ಅಲ್ವಾ? ಆದರೆ ಟಿವಿ ಅದನ್ನೂ ಸಿನಿಮಾ ಅಂತಲೇ ತಿಳಿದು ಹಿಗ್ಗಿಸುತ್ತದೆ. ಶೇ. 5ರಷ್ಟು ಕೊಯ್ದರೂ ಮೇಲೆ 27, ಕೆಳಗೆ 27 ಚುಕ್ಕಿ ಹೋದವು. ವಿಂಡೋಸ್ 10ರ ಕೆಳಪಟ್ಟಿಯ ಎತ್ತರವೇ 40. ಇಳಕಲ್ ಸೀರೆಯ ದಡಿ ಕತ್ತರಿಸಿ ಒಡಲನ್ನಷ್ಟೇ ಮಡಚಿ ಕೊಟ್ಟರೆ ಯಾರು ತಗೋತಾರೆ? ಇದೂ ಹಾಗೇ.

ಸರಿಮಾಡುವುದು ಕಷ್ಟವಲ್ಲ, ಹುಡುಕುವುದು ಕಷ್ಟ. ಟಿವಿಯ ಮೆನುವಿನಲ್ಲಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ಅಂತ ಇರುತ್ತದೆ. ಅದರೊಳಗೆ ಎಲ್‌ಜಿಯವರು ಜಸ್ಟ್ ಸ್ಕ್ಯಾನ್ ಅಂದರು, ಸ್ಯಾಮ್‌ಸಂಗಿನವರು ಸ್ಕ್ರೀನ್ ಫಿಟ್, ಸೋನಿಯವರು ಫುಲ್ ಪಿಕ್ಸೆಲ್, ಶಾರ್ಪಿನವರು ಡಾಟ್ ಬೈ ಡಾಟ್. ಎಲ್ಲದರ ಅರ್ಥ ಒಂದೇ: ಬಂದದ್ದನ್ನು ಬಂದಹಾಗೆ ತೋರಿಸು. ಕೆಲವು ಟಿವಿಗಳಲ್ಲಿ ವೈರ್ ಚುಚ್ಚಿದ ಪೋರ್ಟಿಗೆ ಮೆನುವಿನಲ್ಲಿ ಪಿಸಿ ಅಂತ ಹೆಸರಿಟ್ಟರೆ ಸಾಕು, ತಾನಾಗಿ ದಾರಿಗೆ ಬರುತ್ತದೆ.

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲೂ ಚಿತ್ರ ಕಿರಿದು ಮಾಡುವ ಸ್ಲೈಡರ್ ಇರುತ್ತದೆ. ಸುಲಭ ಅಂತ ಎಲ್ಲರೂ ಮೊದಲು ಅಲ್ಲಿಗೇ ಕೈಹಾಕುತ್ತಾರೆ. ನನಗದು ಸೇರುವುದಿಲ್ಲ. ಅದು ಕುಗ್ಗಿಸುತ್ತದೆ, ಟಿವಿ ಹಿಗ್ಗಿಸುತ್ತದೆ, ಇಬ್ಬರ ಜಗ್ಗಾಟದಲ್ಲಿ ಅಕ್ಷರಗಳು ಮಸುಕು ಮಸುಕು. ಟಿವಿಯಲ್ಲಿ ದಾರಿಯೇ ಇಲ್ಲದಿದ್ದರೆ ಮಾತ್ರ ಆ ಕಡೆ ಹೋಗಬೇಕು. ಇನ್ನು ಚಿತ್ರದ ಸುತ್ತ ಕಪ್ಪು ಪಟ್ಟಿ ಬಂದಿದ್ದರೆ, ಅದೇ ಸ್ಲೈಡರ್ ಮೊದಲೇ ಕುಗ್ಗಿಸಿ ಕೂತಿದೆಯಾ ನೋಡಿ.

ಹಳೇ ವಿಜಿಎ ವೈರಿನಲ್ಲಿ ತೊಂದರೆಯೇ ಬೇರೆ. ಚಿತ್ರ ಪೂರಾ ಇರುತ್ತದೆ, ಒಂದು ಕಡೆ ಸರಿದಿರುತ್ತದೆ. ಚಿತ್ರ ಎಲ್ಲಿಂದ ಶುರು ಅನ್ನುವುದನ್ನು ಟಿವಿ ಅಂದಾಜು ಮಾಡಬೇಕಲ್ಲ, ಅದಕ್ಕೆ. ಟಿವಿಯ ಮೆನುವಿನಲ್ಲಿ ಆಟೊ ಅಡ್ಜಸ್ಟ್ ಒತ್ತುವ ಮೊದಲು ಒಂದು ಖಾಲಿ ಬಿಳಿ ಪುಟವನ್ನು ಪರದೆ ತುಂಬ ತೆರೆದಿಡಿ. ಕಪ್ಪು ವಾಲ್‌ಪೇಪರ್ ಇದ್ದರೆ ಟಿವಿಗೆ ಅಂಚು ಎಲ್ಲಿ ಅನ್ನುವುದೇ ತಿಳಿಯುವುದಿಲ್ಲ.

ಒಂದು ಮಾತು ಮಾತ್ರ ಯಾರೂ ಹೇಳುವುದಿಲ್ಲ. ಎಷ್ಟೋ ಟಿವಿಗಳು ಈ ಸೆಟ್ಟಿಂಗನ್ನು ಒಂದೊಂದು ಪೋರ್ಟಿಗೆ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತವೆ. ವೈರ್ ಪಕ್ಕದ ತೂತಿಗೆ ಹೋಯಿತೋ, ಮೊದಲಿಂದ ಶುರು. ಅದಕ್ಕೇ ಮಗಳು ಟಿವಿಯ ಹಿಂದೆ "ಈ ವೈರಿಗೆ ಕೈ ಹಚ್ಚಬ್ಯಾಡ್ರಿ" ಅಂತ ಚೀಟಿ ಅಂಟಿಸಿದಳು. ಮೊನ್ನೆ ಕೇಬಲ್ ನೋಡಲು ಬಂದ ಹುಡುಗ ಅದನ್ನು ಗಟ್ಟಿಯಾಗಿ ಓದಿದ. "ಅಕ್ಷರ ಭಾರಿ ಚಂದ ಅದಾವ್ರಿ" ಅಂದ. ವೈರ್ ಕಿತ್ತು ಪಕ್ಕದ ಪೋರ್ಟಿಗೆ ಚುಚ್ಚಿ ಹೋದ.