ಹೊಸ್ತಿಲಲ್ಲಿ ನಿಂತ ಕಂಪ್ಯೂಟರ್

ನಮ್ಮ ಮನೆಗೆ ಬಂದವರು ಹೊರಡುವುದು ಅಂದರೆ ಮುಕ್ಕಾಲು ಗಂಟೆಯ ಕಾರ್ಯಕ್ರಮ. "ಬರ್ತೀವಿ" ಅಂತ ಎದ್ದವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಯಾರದೋ ಮದುವೆ ವಿಷಯ ಎತ್ತುತ್ತಾರೆ. ಅಷ್ಟರಲ್ಲಿ ಅಮ್ಮ ಕುಂಕುಮದ ಬಟ್ಟಲು ತರುತ್ತಾಳೆ. ಗೇಟಿನ ಹತ್ತಿರ ಮತ್ತೊಂದು ಸುತ್ತು ಮಾತು. ಅಪ್ಪನ ಕಂಪ್ಯೂಟರೂ ಇದೇ ಮನೆಯಲ್ಲಿ ಬೆಳೆದದ್ದು ನೋಡಿ, ಅದಕ್ಕೂ ಈ ಚಾಳಿ ಹತ್ತಿತ್ತು.

2005ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಜೋಡಿಸಿಕೊಂಡು ತಂದದ್ದು ಅದು. ಪೆಂಟಿಯಂ 4, 512 ಎಂಬಿ ರ್‍ಯಾಮ್, ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿ ಮಾಡಿದವರೇ 2014ರ ಏಪ್ರಿಲ್‌ನಲ್ಲಿ ಅದರ ರಿಪೇರಿ ನಿಲ್ಲಿಸಿ ಕೈಮುಗಿದರು. ಅಪ್ಪ ಇನ್ನೂ ಕೈಮುಗಿದಿಲ್ಲ. ಅವರ ಪತ್ರ, ಲೆಕ್ಕ, ತೀರಿಹೋದ ಗೆಳೆಯರ ಬಗ್ಗೆ ಬರೆದಿಟ್ಟ ನಾಲ್ಕು ಸಾಲು, ಎಲ್ಲಾ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಓದಲು ಬರುವ ಯೂನಿಕೋಡಿಗೆ ಬದಲಾಯಿಸಿ ಕೊಡ್ತೀನಿ ಅಂದೆ. "ನನ್ನ ಅಕ್ಷರ ನನಗೆ ಕಾಣ್ತಾ ಇದೆಯಲ್ಲೋ, ನಿನಗೇನು ತೊಂದರೆ?" ಅಂದರು. ಸುಮ್ಮನಾದೆ. ರಿಪೇರಿ ಕಾಣದ ಎಕ್ಸ್‌ಪಿಗೆ ವೈರಸ್ ಹತ್ತದಿರಲಿ ಅಂತ ಇಂಟರ್ನೆಟ್ ವೈರು ಮಾತ್ರ ಕಿತ್ತಿಟ್ಟಿದ್ದೇನೆ.

ರಾತ್ರಿ ಒಂಬತ್ತಕ್ಕೆ ಅಪ್ಪ ಆಫ್ ಮಾಡುತ್ತಾರೆ. ನೀಲಿ ಪರದೆಯ ಮೇಲೆ 'ವಿಂಡೋಸ್ ಈಸ್ ಶಟಿಂಗ್ ಡೌನ್' ಅಂತ ಬರುತ್ತದೆ. ಅಲ್ಲಿಗೆ ನಿಂತಿತು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದರೂ ಅದೇ ನೀಲಿ. ಫ್ಯಾನ್ ಗೊರ್ ಅನ್ನುತ್ತಲೇ ಇದೆ. ಕೊನೆಗೆ ಸ್ವಿಚ್ ಬೋರ್ಡಿನಲ್ಲೇ ಆರಿಸುತ್ತಿದ್ದರು. ಒಂದೊಂದು ಸಲ ಮರುದಿನ ಬೆಳಗ್ಗೆ ಡಿಸ್ಕ್ ಪರೀಕ್ಷೆ ಶುರುವಾಗಿ ಪರದೆ ತುಂಬಾ ಅಂಕಿ ಓಡುತ್ತಿತ್ತು. ಆ ಅಂಕಿ ಕಂಡರೆ ಅಪ್ಪನಿಗೆ ಬಿಪಿ.

"ನಾಲ್ಕು ಸೆಕೆಂಡು ಬಟನ್ ಒತ್ತಿ ಹಿಡಿದರೆ ಆಫ್ ಆಗುತ್ತೆ ಅಪ್ಪಾ" ಅಂದೆ.

"ಕತ್ತು ಹಿಸುಕಿದ ಹಾಗಲ್ವೇನೋ ಅದು!"

ಒಂದು ಕಾಲದಲ್ಲಿ ಈ ರಗಳೆ ಇರಲಿಲ್ಲ. ಎಟಿ ಅನ್ನುವ ಹಳೆಯ ಮಾದರಿಯ ಡಬ್ಬಗಳಲ್ಲಿ ಸ್ವಿಚ್ಚು ನೇರವಾಗಿ ಕರೆಂಟಿಗೇ ಕತ್ತರಿ ಹಾಕುತ್ತಿತ್ತು. ವಿಂಡೋಸ್ 95 ತನ್ನ ಕೆಲಸ ಮುಗಿಸಿ, ಇನ್ನು ಆರಿಸಬಹುದು ಅಂತ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಬರೆದು ಕಾಯುತ್ತಿತ್ತು. ಟಕ್ ಅಂತ ಆರಿಸುವುದು ನಮ್ಮ ಕೆಲಸ. ಅದೇ 1995ರಲ್ಲಿ ಎಟಿಎಕ್ಸ್ ಅನ್ನುವ ಹೊಸ ಮಾದರಿ ಬಂತು. ಅಲ್ಲಿಂದ ಮುಂದಿನ ಬಟನ್ನು ಕರೆಂಟು ಕಡಿಯುವುದಿಲ್ಲ, ಮದರ್‌ಬೋರ್ಡಿಗೆ ಒಂದು ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಮದರ್‌ಬೋರ್ಡು ವಿಂಡೋಸಿಗೆ ಹೇಳಬೇಕು, ವಿಂಡೋಸು ಪ್ರೋಗ್ರಾಂಗಳಿಗೆ ಹೇಳಬೇಕು, ಅವೆಲ್ಲ ಗಂಟು ಕಟ್ಟಿಕೊಂಡು ಹೊರಡಬೇಕು. ಮೊದಲು ಅಪ್ಪಣೆ ಕೊಡುತ್ತಿದ್ದೆವು, ಈಗ ಅರ್ಜಿ ಹಾಕುತ್ತೇವೆ. ಅರ್ಜಿ ಅಂದಮೇಲೆ ಯಾರದಾದರೂ ಮೇಜಿನ ಮೇಲೆ ಅದು ಕೂತೇ ಕೂರುತ್ತದೆ.

ಯಾರ ಮೇಜು ಅಂತ ಹುಡುಕಲು ಒಂದು ಭಾನುವಾರ ಮೀಸಲಿಟ್ಟೆ. ಎಫ್8 ಒತ್ತಿ, ತೀರಾ ಬೇಕಾದಷ್ಟನ್ನೇ ಎಬ್ಬಿಸುವ ಸೇಫ್ ಮೋಡ್‌ನಲ್ಲಿ ತೆರೆದು, ಆಫ್ ಮಾಡಿದೆ. ತಕರಾರಿಲ್ಲದೆ ಆರಿತು! ಅಂದರೆ ಮೂಲದಲ್ಲಿ ರೋಗವಿಲ್ಲ, ಆಮೇಲೆ ಬಂದು ಸೇರಿಕೊಂಡ ಯಾವನೋ ಒಬ್ಬನ ಕಿತಾಪತಿ. ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸಿನದೇ ಸಲಕರಣೆ ತೆರೆದರೆ ಶುರುವಿನಲ್ಲೇ ಎದ್ದು ಕೂರುವ ಪ್ರೋಗ್ರಾಂಗಳು 16. ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನಲ್ಲಿ ಕೆಟ್ಟ ಬಲ್ಬು ಹುಡುಕುವಾಗ ಅರ್ಧರ್ಧ ಮಾಡಿ ನೋಡುತ್ತೇವಲ್ಲ, ಅದೇ ಉಪಾಯ. ಎಂಟರ ಟಿಕ್ ತೆಗೆದೆ, ರೀಸ್ಟಾರ್ಟ್ ಮಾಡಿದೆ, ಆಫ್ ಮಾಡಿದೆ. ನಿಂತಿತು. ಅದೇ ನೀಲಿಯಲ್ಲಿ. ಹಾಗಾದರೆ ಕಳ್ಳ ಟಿಕ್ ಉಳಿದ ಎಂಟರಲ್ಲಿದ್ದಾನೆ. ಆಮೇಲೆ ನಾಲ್ಕು. ಆಮೇಲೆ ಎರಡು. ಆ ಯಂತ್ರ ಒಂದು ಸಲ ಏಳುವಷ್ಟರಲ್ಲಿ ಒಂದು ಲೋಟ ಕಾಫಿ ಆಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಡವಗುಟ್ಟುತ್ತಿತ್ತು.

ಸಿಕ್ಕಿತು. ಪ್ರಿಂಟರಿನ ಜೊತೆ ಸಿಡಿಯಲ್ಲಿ ಬಂದ ಒಂದು ಪುಟಾಣಿ ಪ್ರೋಗ್ರಾಂ. ಇಂಕು ಎಷ್ಟಿದೆ, ಹಾಳೆ ಸಿಕ್ಕಿಕೊಂಡಿದೆಯಾ ಅಂತ ಪ್ರಿಂಟರನ್ನು ವಿಚಾರಿಸುತ್ತಾ ಗಡಿಯಾರದ ಪಕ್ಕ ಕೂತಿರುವುದೇ ಅದರ ಉದ್ಯೋಗ. ಪ್ರಿಂಟರ್ ಗುಜರಿಗೆ ಹೋಗಿ ಎರಡು ವರ್ಷವಾಗಿದೆ. ತೂಕಕ್ಕೆ ಹಾಕಿ ಬಂದ ದುಡ್ಡಿಗೆ ಅಮ್ಮ ಸ್ಟೀಲ್ ಡಬ್ಬಿ ತಂದಿದ್ದಾಳೆ. ಇವನಿಗೆ ಯಾರೂ ಹೇಳಿಲ್ಲ. ಎಲ್ಲರೂ ಹೊರಟು ನಿಂತಾಗ ಇವನೊಬ್ಬ ಸತ್ತ ಪ್ರಿಂಟರಿನ ಉತ್ತರಕ್ಕೆ ಕಾಯುತ್ತಾ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಬೈಯುವ ಅಂತಿದ್ದವನಿಗೆ ಸ್ವಲ್ಪ ಪಾಪ ಅನ್ನಿಸಿತು. ಆದರೂ ಕಿತ್ತು ಹಾಕಿದೆ.

ಈಗಿನ ಯಂತ್ರಗಳು ಬೇಗ ಆರುತ್ತವೆ ಅಂತ ಮೆಚ್ಚಬೇಡಿ. 2012ರ ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಸಾಮಾನ್ಯವಾಗಿ ಅರ್ಧ ನಿದ್ದೆ. ಒಳಗಿನ ತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತವೆ, ಬೆಳಗ್ಗೆ ಅಲ್ಲಿಂದಲೇ ಮುಂದುವರಿಸುತ್ತವೆ. ಪೂರ್ತಿ ತೊಳೆದು ಶುರು ಮಾಡುವುದು ರೀಸ್ಟಾರ್ಟ್ ಮಾಡಿದಾಗಲೇ. ಎಲ್ಲದಕ್ಕೂ "ರೀಸ್ಟಾರ್ಟ್ ಮಾಡಿ ನೋಡಿ ಸಾರ್" ಅನ್ನುವ ಹುಡುಗರನ್ನು ನೋಡಿ ನಾನು ಈಗ ನಗುವುದಿಲ್ಲ.

ರಾತ್ರಿ ಅಪ್ಪನನ್ನೇ ಕರೆದು ಆಫ್ ಮಾಡಿಸಿದೆ. ಅಭ್ಯಾಸಬಲದಿಂದ ಅವರು ಎಲೆ ಅಡಿಕೆ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ನೀಲಿ ಹೋಗಿ ಕಪ್ಪಾಯಿತು, ಫ್ಯಾನ್ ನಿಂತಿತು. ಅಪ್ಪ ಎಲೆ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದರು, ಆಮೇಲೆ ಮೇಜಿನ ಕಡೆ ಬಗ್ಗಿದರು.

"ಇನ್ನೂ ಹೋಗಿಲ್ಲ ಕಣೋ. ಇಲ್ನೋಡು."

ಮೌಸಿನ ಹೊಟ್ಟೆಯ ಕೆಳಗೆ ಕೆಂಪು ದೀಪ ಉರಿಯುತ್ತಿತ್ತು. ಎಟಿಎಕ್ಸ್ ಆಫ್ ಆದಮೇಲೂ 5 ವೋಲ್ಟ್ ಮಾತ್ರ ಎಚ್ಚರ ಇಟ್ಟುಕೊಂಡಿರುತ್ತದೆ ಅಪ್ಪಾ, ಬಟನ್ ಒತ್ತಿದ್ದು ಗೊತ್ತಾಗಲಿ ಅಂತ, ಅದೇ ಕರೆಂಟು ಮೌಸಿಗೂ ಸಿಗ್ತಿದೆ ಅಂತ ನಾನು ವಿವರಿಸುತ್ತಲೇ ಇದ್ದೆ. ಅವರು ಎದ್ದು ಹೋಗಿ ಸ್ವಿಚ್ ಬೋರ್ಡಿನಲ್ಲಿ ಆರಿಸಿ ಬಂದರು.