ರಿಫ್ರೆಶ್ ಎಲ್ಲಿದೆ ನೋಡೇ

ನಮ್ಮ ಮನೆಯಲ್ಲಿ ನಿನ್ನೆಯಿಂದ ಮಾತುಕತೆ ಬಂದ್. ಕಾರಣ ಕಂಪ್ಯೂಟರ್.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, 11 ಹಾಕೋಣ ಅಂದರೆ ನಮ್ಮ ಹಳೇ ಡಬ್ಬಿಯಲ್ಲಿ ಟಿಪಿಎಂ 2.0 ಇಲ್ಲವಂತೆ. ಅದೇನು ಅಂತ ನಾನು ಕೇಳಲಿಲ್ಲ. ಇಲ್ಲ ಅಂದಮೇಲೆ ಇಲ್ಲ. ರಜಕ್ಕೆ ಬಂದಿದ್ದ ಮಗ ವಿಂಡೋಸ್ ತೆಗೆದು ಅದರ ಬದಲು ಲಿನಕ್ಸ್ ಮಿಂಟ್ ಹಾಕಿ, "ಪುಕ್ಕಟೆ ಅಮ್ಮಾ, ವೈರಸ್ ಕಾಟಾನೂ ಕಮ್ಮಿ" ಎಂದು ಹೇಳಿ ರಾತ್ರಿ ಬಸ್ಸು ಹತ್ತಿದ. ಮಿಂಟ್‌ನ ಪ್ರತಿ ಆವೃತ್ತಿಗೂ ಹೆಣ್ಣಿನ ಹೆಸರಂತೆ. 2021ರಲ್ಲಿ ಬಂದ 20.2ರ ಹೆಸರು ಉಮಾ. ನಮ್ಮ ಪಾಲಿಗೆ ಬಂದಿದ್ದು 22.2, ಜಾರಾ. ಉಮಾ ಆಗಿದ್ದರೆ ಹೇಗೋ ಹೊಂದಿಕೊಂಡು ಹೋಗುತ್ತಿದ್ದಳೇನೋ.

ಬೆಳಗ್ಗೆ ನಮ್ಮ ಯಜಮಾನರು ಕುರ್ಚಿ ಎಳೆದು ಕೂತರು. ಮೌಸ್ ಹಿಡಿದರು. ರೈಟ್ ಕ್ಲಿಕ್ ಮಾಡಿದರು. ಆಮೇಲೆ ಮನೆ ಅದುರುವ ಹಾಗೆ ಕೂಗಿದರು: "ಏ, ಇದರಲ್ಲಿ ರಿಫ್ರೆಶ್ಶೇ ಇಲ್ವಲ್ಲೇ!"

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಿರುತ್ತಾರೆ, ಅಲ್ವಾ? ನಮ್ಮವರಿಗೆ ರಿಫ್ರೆಶ್ ಅಂದರೆ ಗುಡಿಯೊಳಗೆ ಹೋಗುವ ಮುಂಚೆ ಗಂಟೆ ಹೊಡೆದ ಹಾಗೆ. ಎಕ್ಸೆಲ್ ತೆರೆಯುವ ಮುಂಚೆ ರಿಫ್ರೆಶ್. ಮುಚ್ಚಿದ ಮೇಲೆ ರಿಫ್ರೆಶ್. ಕರೆಂಟು ಬಂತು, ರಿಫ್ರೆಶ್. ಫೋನಿನಲ್ಲಿ ತಮ್ಮನ ಜತೆ ಜಮೀನಿನ ಜಗಳ ಮಾತಾಡುವಾಗಲೂ ಬಲಗೈ ಸುಮ್ನೆ ರಿಫ್ರೆಶ್ ಮಾಡುತ್ತಲೇ ಇರುತ್ತದೆ. ಜಗಳ ಜೋರಾದರೆ ರಿಫ್ರೆಶ್ಶೂ ಜೋರು. ಬ್ಯಾಂಕಿನ ನೌಕರಿಯಲ್ಲಿ ಕಲಿತ ವಿದ್ಯೆ ಅದು. ಸರ್ವರ್ ಡೌನ್ ಆಗಿ ಕೌಂಟರ್ ಮುಂದೆ ಜನ ದುರುಗುಟ್ಟಿಕೊಂಡು ನಿಂತಿರುವಾಗ, ಏನೋ ಮಾಡುತ್ತಿದ್ದೇವೆ ಅಂತ ಕಾಣಿಸಬೇಕಲ್ಲ!

ಮಗನಿಗೆ ಫೋನ್ ಹೋಯಿತು. "ಅಪ್ಪಾ, ಅದರಿಂದ ಕಂಪ್ಯೂಟರ್ ಸ್ಪೀಡ್ ಆಗಲ್ಲ. ಐಕಾನುಗಳನ್ನ ಇನ್ನೊಂದ್ಸಲ ತೋರಿಸತ್ತೆ, ಅಷ್ಟೇ." ಇವರು ಫೋನ್ ಇಟ್ಟು ನನ್ನ ಕಡೆ ನೋಡಿದ ನೋಟ! ಇಷ್ಟು ವರ್ಷದ ಸೇವೆಯನ್ನೇ ಸುಳ್ಳು ಅಂದುಬಿಟ್ಟಿದ್ದನಲ್ಲ ಮಗ. ಮಧ್ಯಾಹ್ನದ ಹೊತ್ತಿಗೆ ಡಿ ಡ್ರೈವ್ ಕಳೆದುಹೋಗಿದೆ ಎಂಬ ಇನ್ನೊಂದು ಕೂಗು. ಕಳೆದಿರಲಿಲ್ಲ. ಇಲ್ಲಿ ಸಿ, ಡಿ ಅನ್ನುವ ಅಕ್ಷರಗಳೇ ಇಲ್ಲ, ಇಷ್ಟು ಜಿಬಿ ವಾಲ್ಯೂಮ್ ಅಂತ ಹೆಸರು ಬದಲಿಸಿಕೊಂಡು ಕೂತಿತ್ತು. ಹಾಕಿಸಿಕೊಂಡವನು ನಾನಲ್ಲ ಅಂತ ಅವರು, ಹಾಕು ಅಂದವಳು ನಾನಲ್ಲ ಅಂತ ನಾನು. ಅಲ್ಲಿಗೆ ಮಾತು ನಿಂತಿತು.

ನನಗೂ ಏಟು ಬಿತ್ತು ಅನ್ನಿ. ಅತ್ತೆಯವರು ಹೇಳಿ ಬರೆಸಿದ್ದ ಉಪ್ಪಿನಕಾಯಿ ಅಳತೆಗಳನ್ನೆಲ್ಲ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣಿಸುವ ಯೂನಿಕೋಡ್ ಗೀನಿಕೋಡ್ ನಮಗೆ ಗೊತ್ತಿಲ್ಲದ ಕಾಲ. ಕಡತ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ಬ್ರಿಟಿಷರು ಹೋದರೂ ನಮ್ಮ ಅಪ್ಪೆಮಿಡಿ ಬಿಟ್ಟಿಲ್ಲ! ಮಗ ಹೇಳಿದ ಹಾಗೆ ಹಳೇ ನುಡಿ ಫಾಂಟನ್ನು ಹುಡುಕಿ ಹಾಕಿದೆ. ಅಕ್ಷರಗಳು ಎದ್ದು ಕೂತವು. "ಮಿಡಿ ತೊಟ್ಟು ಮುರೀಬೇಡ, ಸೊನೆ ಹೋದ್ರೆ ಎಲ್ಲಾ ಹೋಯ್ತು." ಅವರು ಹೇಳಿದ ಹಾಗೇ ಬರೆದುಕೊಂಡಿದ್ದೆ ಅನ್ನುವುದು ನನಗೇ ಮರೆತಿತ್ತು. ಈಗ ಕೇಳೋಣ ಅಂದರೆ ಅವರಿಲ್ಲ. ಯಜಮಾನರೂ ಹಿಂದೆ ಬಂದು ನಿಂತು ಓದಿದರು. ಮಾತಾಡಲಿಲ್ಲ.

ಇನ್ನು ಇದನ್ನು ಹೀಗೇ ಬಿಡಬಾರದು ಅಂತ ಸಂಜೆ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆ. ಆದರೆ ಅರ್ಕಾವತ್ತು ಎಲ್ಲೆಲ್ಲೋ ಹಾರಿ ಕೂತಿದೆ. ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಪ್ರಿಂಟ್ ಹಿಡಿದುಕೊಂಡು ಕೊನೆಗೂ ಬಾಯಿ ಬಿಟ್ಟರು:

"ಅಧರ್ ಪಾವು ಸಾಸಿವೆ ಅಂತಿದೆ. ಯಾರೇ ಇವನು ಅಧರ್?"