ಸ್ಪಷ್ಟನೆ: ಕುಂಟೆಯ ಹಳದಿ ಕಪ್ಪೆ ವಿಷಕಪ್ಪೆಯಲ್ಲ

ಮಳೆ ಬಿದ್ದು ಕುಂಟೆ ತುಂಬಿದ ಕೂಡಲೇ ತುಮಕೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: “ಹಳದಿ ಕಪ್ಪೆ ಅಮೆಜಾನ್ ವಿಷಕಪ್ಪೆ, ಮುಟ್ಟಿದರೆ ಸಾವು, ಉಪ್ಪು ಸುರಿದು ಸಾಯಿಸಿ.” ಇದು ಪೂರ್ತಿ ತಪ್ಪು.

ಅದು ನಮ್ಮದೇ ಗೋಂಕರು ಕಪ್ಪೆಯ ಗಂಡು. ಉಳಿದ ದಿನಗಳಲ್ಲಿ ಹಸಿರು-ಕಂದು ಬಣ್ಣ. ಕೂಡುವ ಕಾಲಕ್ಕೆ ಮಾತ್ರ ಮೈ ನಿಂಬೆಹಣ್ಣಿನ ಹಳದಿಗೆ ತಿರುಗಿ, ಗಂಟಲಿನ ಎರಡೂ ಬದಿಯ ಚೀಲಗಳು ಕಡುನೀಲಿಯಾಗಿ ಉಬ್ಬುತ್ತವೆ. ಹೆಣ್ಣಿಗೆ ಈ ಬಣ್ಣ ಬರುವುದಿಲ್ಲ. ಕೂಡುವ ಗದ್ದಲ ಮುಗಿದ ಮೇಲೆ ಗಂಡೂ ಮತ್ತೆ ಮಾಸಲಾಗುತ್ತದೆ.

ಸಂದೇಶದ ಚಿತ್ರದಲ್ಲಿರುವ ಚಿನ್ನದ ಬಣ್ಣದ ಕಪ್ಪೆ ಅಮೆಜಾನಿನದೂ ಅಲ್ಲ, ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಮಳೆಕಾಡಿನದು. ಉದ್ದ ಸುಮಾರು 5 ಸೆಂ.ಮೀ.; ನಮ್ಮದು 15 ಸೆಂ.ಮೀ. ದಾಟುತ್ತದೆ, ಅಂಗೈ ತುಂಬುವ ಗಾತ್ರ. ಆ ಕೊಲಂಬಿಯಾ ಕಪ್ಪೆಯ ಚರ್ಮದಲ್ಲಿರುವ ಬಟ್ರಾಕೊಟಾಕ್ಸಿನ್ ಎಂಬ ವಿಷ ನರ-ಸ್ನಾಯುಗಳಲ್ಲಿ ಸೋಡಿಯಂ ಒಳಹೋಗುವ ದಾರಿಗಳನ್ನು ಮುಚ್ಚಲು ಬಿಡದೆ ಹೃದಯವನ್ನೇ ನಿಲ್ಲಿಸಬಲ್ಲದು. ಆ ವಿಷವೂ ಕಾಡಿನ ಆಹಾರದಿಂದ ಬಂದದ್ದು. ಸಾಕಣೆಯಲ್ಲಿ ಹುಟ್ಟಿ ಬೆಳೆದ ಮರಿಗಳಲ್ಲಿ ಇರುವುದಿಲ್ಲ. ಆ ಕಪ್ಪೆ ತೇವದ ನೆಲದಲ್ಲಿ ಮೊಟ್ಟೆಯಿಡುತ್ತದೆ, ಗೊದಮೊಟ್ಟೆಗಳನ್ನು ಗಂಡು ಬೆನ್ನ ಮೇಲೆ ಹೊತ್ತು ನೀರಿಗೆ ಬಿಡುತ್ತದೆ. ನಮ್ಮದು ನೇರವಾಗಿ ಮಳೆನೀರಿನ ಗುಂಡಿಯಲ್ಲೇ ಇಡುತ್ತದೆ.

ದಯವಿಟ್ಟು ಉಪ್ಪು, ಫಿನಾಯಿಲ್ ಸುರಿಯಬೇಡಿ. ಕಪ್ಪೆ ಚರ್ಮದಿಂದಲೇ ನೀರು ಹೀರುವ ಜೀವಿ. ಉಪ್ಪು ಆ ನೀರನ್ನೇ ಹೊರಗೆಳೆದು ನರಳಿಸಿ ಕೊಲ್ಲುತ್ತದೆ. ಅಂಗಳಕ್ಕೆ ಬಂದರೆ ಒದ್ದೆ ಮಾಡಿದ ಬಕೆಟ್ ಮಗುಚಿ, ಕೆಳಗೆ ರಟ್ಟು ತೂರಿಸಿ, ಕುಂಟೆಯ ಅಂಚಿಗೆ ಬಿಡಿ. ಮುಟ್ಟಿದ್ದರೆ ಸೋಪಿನಿಂದ ಕೈ ತೊಳೆದರೆ ಸಾಕು, ತೊಳೆಯುವವರೆಗೆ ಕಣ್ಣು ಉಜ್ಜಬೇಡಿ.